ರವಿವಾರದ ಬುತ್ತಿ, ಮಗುವಿನ ಪ್ರಶ್ನೆ

ಬಾದಾಮಿಯ ಬೆಟ್ಟ ಏಕೆ ಕೆಂಪಗಿದೆ? ಇಳಕಲ್ಲಿನ ಕಲ್ಲಿಗೆ ಗುಲಾಬಿ ಬಣ್ಣ ಎಲ್ಲಿಂದ ಬಂತು? ಊರ ಬದಿಯ ಹಿನ್ನೀರು ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ? ಈದ್ ಪ್ರತಿ ವರ್ಷ ಹನ್ನೊಂದು ದಿನ ಮುಂಚೆಯೇ ಏಕೆ ಬರುತ್ತದೆ? ಮಕ್ಕಳು ಕೇಳುವ ಇಂತಹ ಪ್ರಶ್ನೆಗಳಿಗೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೇ. ಒಂದು, "ಸುಮ್ಮನಿರು". ಇನ್ನೊಂದು, "ನಿಮ್ಮ ಮಾಸ್ತರರನ್ನು ಕೇಳು". ಮಾಸ್ತರರಿಗೆ ಪಾಠ ಮುಗಿಸುವ ಅವಸರ. ಹೀಗೆ ಮನೆಯಿಂದ ಶಾಲೆಗೂ ಶಾಲೆಯಿಂದ ಮನೆಗೂ ಅಲೆದ ಪ್ರಶ್ನೆ ಕೆಲವೇ ವರ್ಷಗಳಲ್ಲಿ ದಣಿದು ಮಲಗಿಬಿಡುತ್ತದೆ. ಪ್ರಶ್ನೆ ಮಲಗಿದ ಮಗುವಿಗೆ ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನವೆಂದರೆ ಭಯ, ಹತ್ತನೆಯ ತರಗತಿಯಲ್ಲಿ ಬಾಯಿಪಾಠ, ಆನಂತರ ಶಾಶ್ವತ ವಿದಾಯ.

ನಮ್ಮ ಸಮುದಾಯದ ಶೈಕ್ಷಣಿಕ ಸ್ಥಿತಿಯ ಕುರಿತು ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯನ್ನು ನಾವು ಸಭೆಗಳಲ್ಲಿ ಸಾಕಷ್ಟು ಸಲ ಉದ್ಧರಿಸಿದ್ದೇವೆ. ಆರರಿಂದ ಹದಿನಾಲ್ಕು ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆಯೇ ಬಿಟ್ಟಿದ್ದಾರೆ ಎಂದು ಆ ವರದಿ ಹೇಳಿತ್ತು. ಸರಕಾರ ಮಾಡಬೇಕಾದುದು ಬಹಳಷ್ಟಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸರಕಾರದ ಆದೇಶಕ್ಕಾಗಿ ಕಾಯದೆ, ಅನುದಾನಕ್ಕಾಗಿ ಅರ್ಜಿ ಹಾಕದೆ, ಬರುವ ರವಿವಾರದಿಂದಲೇ ಒಂದು ಕುಟುಂಬ ಆರಂಭಿಸಬಹುದಾದ ಕೆಲಸವೂ ಒಂದಿದೆ. ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈಹಿಡಿದು, ಅವರ ಪ್ರಶ್ನೆಯ ಬೆನ್ನು ಹತ್ತಿ ಹೊರಡುವುದು.

ನಮ್ಮ ಕುಟುಂಬಗಳು ಪ್ರಯಾಣವನ್ನೇ ಮಾಡುವುದಿಲ್ಲವೆಂದಲ್ಲ. ಮದುವೆಗೆ ಹೋಗುತ್ತೇವೆ, ಬೀಗರ ಮನೆಗೆ ಹೋಗುತ್ತೇವೆ, ಉರೂಸಿಗೆ ಹೋಗುತ್ತೇವೆ, ಆಸ್ಪತ್ರೆಗೆ ಹೋಗುತ್ತೇವೆ. ಆದರೆ ಒಂದು ವಸ್ತುವನ್ನು ಕಣ್ಣಾರೆ ಕಂಡು, ಮುಟ್ಟಿ, ಅಳೆದು ತಿಳಿದುಕೊಳ್ಳುವುದಕ್ಕಾಗಿಯೇ ಮನೆಮಂದಿಯೆಲ್ಲ ಒಟ್ಟಾಗಿ ಹೊರಟ ದಿನ ನಮ್ಮಲ್ಲಿ ಎಷ್ಟು ಮನೆಗಳ ನೆನಪಿನಲ್ಲಿದೆ?

ಮುಸ್ಲಿಮ್ ಜಗತ್ತಿನ ವಿಜ್ಞಾನಿಗಳ ಹೆಸರು ಬಂದಾಗ ನಮ್ಮ ಎದೆ ಉಬ್ಬುತ್ತದೆ. ವೇದಿಕೆಗಳಲ್ಲಿ ಅಲ್ ಬಿರೂನಿಯವರ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ಅವರು ಬೆಟ್ಟ ಹತ್ತಿದ್ದರು ಎಂಬುದನ್ನು ಮರೆಯುತ್ತೇವೆ. ಇಂದಿನ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿಯ ಬೆಟ್ಟವನ್ನೇರಿ, ಅಲ್ಲಿಂದ ಕಾಣುವ ದಿಗಂತ ಎಷ್ಟು ಕೆಳಗೆ ಬಾಗಿದೆ ಎಂದು ಅಳೆದು, ಆ ಲೆಕ್ಕದಿಂದ ಭೂಮಿಯ ಗಾತ್ರವನ್ನು ಅಂದಾಜು ಮಾಡಿದವರು ಅವರು. ಬೆಟ್ಟದ ಬುಡದಲ್ಲಿ ದೊಡ್ಡ ಉರುಟು ಕಲ್ಲುಗಳು, ದೂರ ಸಾಗಿದಂತೆ ಸಣ್ಣ ಕಲ್ಲುಗಳು, ಕೊನೆಗೆ ಮರಳು ಇರುವುದನ್ನು ಗಮನಿಸಿ, ಉತ್ತರ ಭಾರತದ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳು ತಂದ ಹೂಳಿನಿಂದ ತುಂಬಿರಬೇಕೆಂದು ಸುಮಾರು ಸಾವಿರ ವರ್ಷಗಳ ಹಿಂದೆಯೇ ಬರೆದವರೂ ಅವರೇ. ಅವರ ಹೆಸರು ನಮಗೆ ಪರಂಪರೆಯಾಗಿ ಬಂದಿದೆ. ಅವರ ಕಾಲುಗಳ ಶ್ರಮ ಮತ್ತು ಕಣ್ಣುಗಳ ಎಚ್ಚರ ಮಾತ್ರ ಬಂದಂತಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಇನ್ನೊಂದು ಉದಾಹರಣೆ ಇದೆ. ಪಕ್ಷಿವಿಜ್ಞಾನಿ ಸಲೀಂ ಅಲಿ (1896-1987) ಎಳವೆಯಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡ ಹುಡುಗ ಅದು ಯಾವ ಹಕ್ಕಿಯೆಂದು ಮಾವನನ್ನು ಕೇಳಿದ. ಮಾವನಿಗೆ ಉತ್ತರ ಗೊತ್ತಿರಲಿಲ್ಲ. ಅವರು ಹುಡುಗನನ್ನು ಗದರಿಸಲಿಲ್ಲ. ಗೊತ್ತಿದ್ದವರ ಬಳಿಗೆ, ಅಂದರೆ ಮುಂಬೈಯ ನಿಸರ್ಗ ಇತಿಹಾಸ ಸಂಘದ ಕಚೇರಿಗೆ ಕಳುಹಿಸಿಕೊಟ್ಟರು. ಅಲ್ಲಿ ಕಪಾಟು ತೆರೆದು ತೋರಿಸಿದ ಹಕ್ಕಿಗಳ ಸಂಗ್ರಹ ಆ ಹುಡುಗನ ಬದುಕಿನ ದಾರಿಯನ್ನೇ ನಿರ್ಧರಿಸಿತು. 1976ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ನೀಡಿತು. ಹಿರಿಯರಿಗೆ ಎಲ್ಲವೂ ತಿಳಿದಿರಬೇಕೆಂದಿಲ್ಲ. "ನನಗೂ ಗೊತ್ತಿಲ್ಲ, ಬಾ, ಹೋಗಿ ನೋಡೋಣ" ಎನ್ನುವಷ್ಟು ದೊಡ್ಡ ಮನಸ್ಸಿದ್ದರೆ ಸಾಕು.

ಹೋಗುವುದಾದರೂ ಎಲ್ಲಿಗೆ ಎಂಬ ಪ್ರಶ್ನೆ ಬಾಗಲಕೋಟೆ ಜಿಲ್ಲೆಯವರ ಬಾಯಲ್ಲಿ ಬರಬಾರದು. ದೊಡ್ಡ ನಗರಗಳ ಮಕ್ಕಳಿಗೆ ತಾರಾಲಯಗಳಿವೆ. ಧಾರವಾಡದಲ್ಲಿ 2012ರಿಂದ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಅದನ್ನು ತೋರಿಸಬೇಕು. ಆದರೆ ಆ ಕೇಂದ್ರಗಳಲ್ಲಿ ಮಾದರಿಗಳನ್ನು ಮಾಡಿ ತೋರಿಸುವ ಹಲವು ಸಂಗತಿಗಳ ಮೂಲವೇ ನಮ್ಮ ಸುತ್ತ ಬಯಲಿನಲ್ಲಿ ಬಿದ್ದಿದೆ.

ಬಾದಾಮಿಯಿಂದಲೇ ಆರಂಭಿಸೋಣ. ಅಲ್ಲಿನ ಕೆಂಪು ಬಂಡೆ ಮರಳುಗಲ್ಲು. ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿ ಹೋಗಿ, ಬೆಸೆದು ಕಲ್ಲಾದದ್ದು. ಅದರ ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣದ ಅಂಶ. ನಮ್ಮ ಮನೆಯ ತಗಡಿಗೆ ತುಕ್ಕು ಹಿಡಿಯುವುದೂ ಇದೇ ಬಗೆಯಿಂದ. ಗುಹೆಗಳಿಗೆ ಏರುವ ಮೆಟ್ಟಿಲ ಬದಿಯ ಬಂಡೆಯನ್ನು ಹತ್ತಿರದಿಂದ ನೋಡಿದರೆ ಅಡ್ಡ ಪದರಗಳ ನಡುವೆ ಓರೆಯಾಗಿ ಕೂತ ಗೆರೆಗಳು ಕಾಣುತ್ತವೆ. ಅಂದಿನ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದನ್ನು ಹೇಳುವ ಗೆರೆಗಳವು. ಈ ಕಲ್ಲು ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದಿನದು. ಡೈನೋಸಾರುಗಳು ಹುಟ್ಟುವುದಕ್ಕೂ, ನೆಲದ ಮೇಲೆ ಗಿಡಮರಗಳು ಬೆಳೆಯುವುದಕ್ಕೂ ಮುಂಚಿನದು. ಈ ಸೀಮೆಯ ಶಿಲಾಪದರಗಳಿಗೆ ಜಗತ್ತಿನ ಭೂವಿಜ್ಞಾನಿಗಳು ಬಳಸುವ ಹೆಸರು 'ಕಲಾದಗಿ' ಎಂದು ತಿಳಿದರೆ, ಆ ಊರಿನ ಬಸ್ಸನ್ನು ದಿನವೂ ನೋಡುವ ನಮ್ಮ ಮಕ್ಕಳಿಗೆ ಎಷ್ಟು ಅಚ್ಚರಿಯಾಗಲಿಕ್ಕಿಲ್ಲ!

ಅಗಸ್ತ್ಯ ತೀರ್ಥದ ದಡದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ಅದಕ್ಕೆ ರಜೆ, ರವಿವಾರ ತೆರೆದಿರುತ್ತದೆ. ಇಲಾಖೆಯ ಸ್ಮಾರಕಗಳಿಗೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ದಾರಿ ಬಲ್ಲ ಸ್ಥಳೀಯರನ್ನು ಜೊತೆಗೆ ಕರೆದುಕೊಂಡರೆ ಸಿಡಿಲಫಡಿಯ ಬಂಡೆಯಾಸರೆಗೂ ನಡೆದು ಹೋಗಬಹುದು. ಅಲ್ಲಿ ಆದಿಮಾನವರು ಬರೆದ ಚಿತ್ರಗಳಿವೆ.

ಇಲ್ಲಿ ಒಂದು ಸಂಕೋಚದ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತನಾಡಬೇಕು. "ಅವು ಗುಡಿಗಳಲ್ಲವೇ, ನಮಗೇನು ಕೆಲಸ?" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ನೋಡಿ ತಿಳಿಯುವುದು ಬೇರೆ, ಆರಾಧಿಸುವುದು ಬೇರೆ ಎಂಬ ವ್ಯತ್ಯಾಸ ತಿಳಿಯದಷ್ಟು ನಮ್ಮ ಮಕ್ಕಳ ವಿಶ್ವಾಸ ದುರ್ಬಲವಾಗಿದೆಯೇ? ಭೂಮಿಯಲ್ಲಿ ಸಂಚರಿಸಿ, ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡಬೇಕೆಂಬ ಕರೆ ಪವಿತ್ರ ಕುರ್‌ಆನ್‌ನಲ್ಲಿಯೇ ಇದೆ. ಅಲ್ ಬಿರೂನಿ ಸಂಸ್ಕೃತ ಕಲಿತು, ಈ ನೆಲದ ಪಂಡಿತರ ಜೊತೆ ಕೂತು ಇಲ್ಲಿನ ಗಣಿತ ಮತ್ತು ಖಗೋಳವನ್ನು ಅರಿತವರು. ಅಷ್ಟಕ್ಕೂ ಬಾದಾಮಿಯ ಗುಹೆಗಳ ಬುಡದಲ್ಲಿಯೇ ಆದಿಲ್‌ಶಾಹಿ ಶೈಲಿಯ ಕಟ್ಟಡವೂ ನಿಂತಿದೆ. ಈ ಬೆಟ್ಟ, ಈ ಕೆರೆ, ಈ ಚರಿತ್ರೆ ಇಲ್ಲಿ ಬಾಳಿದ ಎಲ್ಲರದು. ನಮ್ಮದಲ್ಲವೆಂದು ನಾವೇ ದೂರ ನಿಂತರೆ, ನಿಮ್ಮದಲ್ಲವೆಂದು ಹೇಳಲು ಕಾದಿರುವವರ ಕೆಲಸವನ್ನು ನಾವೇ ಸುಲಭ ಮಾಡಿಕೊಟ್ಟಂತಾಗುತ್ತದೆ.

ಇನ್ನೊಂದು ರವಿವಾರ ಹುನಗುಂದ ತಾಲೂಕಿನ ಐಹೊಳೆಗಿರಲಿ. ಮೇಗುತಿ ಬೆಟ್ಟದ ಮೇಲಿನ ಜೈನ ದೇವಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಕಾಲವನ್ನು ಶಕವರ್ಷ 556 ಎಂದು ಹೇಳಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನದ ವರ್ಷ ಶಕ 500. ಎರಡೂ ಶಾಸನಗಳ ನಡುವಿನ ಅಂತರವೆಷ್ಟು ಎಂದು ಐದನೆಯ ತರಗತಿಯ ಮಗಳು ಲೆಕ್ಕ ಹಾಕಲಿ. ಮೇಗುತಿಯ ಹಿಂಬದಿಯಲ್ಲಿ ಚರಿತ್ರೆಪೂರ್ವ ಕಾಲದ ಬೃಹತ್ ಶಿಲಾಸಮಾಧಿಗಳಿವೆ. ಅವುಗಳ ಮೇಲ್ಚಪ್ಪಡಿಯ ಉದ್ದ, ಅಗಲ, ದಪ್ಪವನ್ನು ಅಂದಾಜು ಮಾಡಿ ಗುಣಿಸಿದರೆ ಗಾತ್ರ ಸಿಗುತ್ತದೆ. ಒಂದು ಘನ ಮೀಟರ್ ಮರಳುಗಲ್ಲು ಎರಡು ಟನ್ನಿಗಿಂತ ಹೆಚ್ಚು ತೂಗುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಭಾರವನ್ನು ಎತ್ತಿದ್ದು ಹೇಗೆ? ಉತ್ತರವನ್ನು ಅಬ್ಬಾ ಕೂಡಲೇ ಹೇಳಬೇಕಾಗಿಲ್ಲ. ಮಕ್ಕಳೇ ವಾದಿಸಲಿ, ಸನ್ನೆಕೋಲಿನ ಪಾಠ ಅಲ್ಲಿಯೇ ಆಗಿಹೋಗುತ್ತದೆ.

ಇಳಕಲ್ಲಿನ ಪಾಠ ಬೇರೆ ಬಗೆಯದು. ಅಲ್ಲಿನ ಗುಲಾಬಿ ಗ್ರಾನೈಟ್ ನೀರಿನಲ್ಲಿ ಹುಟ್ಟಿದ್ದಲ್ಲ, ಬೆಂಕಿಯಲ್ಲಿ ಹುಟ್ಟಿದ್ದು. ನೆಲದ ಆಳದಲ್ಲಿ ಕರಗಿದ ಶಿಲೆ ಬಹಳ ನಿಧಾನವಾಗಿ ತಣಿದಾಗ ಹರಳುಗಳಿಗೆ ದೊಡ್ಡದಾಗಿ ಬೆಳೆಯಲು ಸಮಯ ಸಿಗುತ್ತದೆ. ಪಾಲಿಶ್ ಮಾಡಿದ ಚಪ್ಪಡಿಯಲ್ಲಿ ಆ ಹರಳುಗಳನ್ನು ಬರಿಗಣ್ಣಿನಿಂದಲೇ ಬೇರೆ ಬೇರೆಯಾಗಿ ಗುರುತಿಸಬಹುದು. ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಗಾಜಿನಂತೆ ಹೊಳೆಯುವುದು ಸ್ಫಟಿಕಶಿಲೆ. ಇದರ ವಯಸ್ಸು ಇನ್ನೂರು ಕೋಟಿ ವರ್ಷಗಳಿಗೂ ಮೇಲೆ. ಕಲ್ಲಿನ ಗಣಿಯೊಳಗೆ ಮಕ್ಕಳನ್ನು ಕರೆದೊಯ್ಯುವುದು ಅಪಾಯ, ಅಂಗಡಿಯ ಮುಂದೆ ನಿಲ್ಲಿಸಿದ ಚಪ್ಪಡಿಯೇ ಸಾಕು. ಬಾದಾಮಿಯ ಮರಳುಗಲ್ಲಿನ ತುಣುಕೊಂದನ್ನೂ ಇಳಕಲ್ಲಿನ ಗ್ರಾನೈಟ್ ಚೂರನ್ನೂ ಅಕ್ಕಪಕ್ಕದಲ್ಲಿ ನೋಡಿದ ಮಗುವಿಗೆ ಶಿಲೆಗಳ ಪಾಠವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳದು. ಆದರೆ ಸ್ಮಾರಕಗಳ ಆವರಣದಿಂದ ಒಂದು ಹರಳನ್ನೂ ಎತ್ತಿಕೊಳ್ಳಬಾರದು, ಗೋಡೆಯ ಮೇಲೆ ಹೆಸರು ಕೊರೆಯಬಾರದು. ಇದನ್ನೂ ಅದೇ ದಿನ ಕಲಿಸಬೇಕು.

ಅದೇ ಊರಿನ ಕುಣಿಮಗ್ಗ ಇನ್ನೊಂದು ಪ್ರಯೋಗಶಾಲೆ. ನೇಕಾರರು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ತುಳಿಯುವ ಪ್ರತಿ ಹಲಗೆಯೂ ಒಂದು ಸನ್ನೆಕೋಲು. ನೆಲದ ತಂಪು ನೂಲು ಒಣಗಿ ಹರಿಯದಂತೆ ಕಾಯುತ್ತದೆ. ಹತ್ತಿ ಅಥವಾ ರೇಷ್ಮೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಸೇರಿಸುವ ವಿಧಾನ ಇಳಕಲ್ ಸೀರೆಯ ವೈಶಿಷ್ಟ್ಯ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹಾಸಿನ ಎಳೆ ಮೇಲೆದ್ದರೆ ಒಂದು, ಕೆಳಗುಳಿದರೆ ಸೊನ್ನೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರಂಧ್ರ ಕೊರೆದ ರಟ್ಟುಗಳಿಂದ ಮಗ್ಗವನ್ನು ನಡೆಸಿ ತೋರಿಸಿದ. ಆ ರಟ್ಟಿನ ಉಪಾಯವನ್ನೇ ಮುಂದೆ ಲೆಕ್ಕದ ಯಂತ್ರಗಳನ್ನು ಕಲ್ಪಿಸಿದವರು ಬಳಸಿಕೊಂಡರು. ಕಂಪ್ಯೂಟರ್ ಕಲಿಯಬೇಕೆಂದು ಹಂಬಲಿಸುವ ಮಗ ಒಂದು ಗಂಟೆ ಮಗ್ಗದ ಮುಂದೆ ಕೂತು ನೋಡಲಿ. ನೇಕಾರರ ಅನುಮತಿ ಕೇಳಿ, ಅವರ ಕೆಲಸದ ಹೊತ್ತಿಗೆ ಬೆಲೆ ಕೊಟ್ಟು ಹೋಗಬೇಕೆಂಬುದನ್ನು ಹೇಳಬೇಕಾಗಿಲ್ಲ.

ಬಾಗಲಕೋಟೆಯವರಿಗಂತೂ ಪಾಠ ಮನೆಯ ಬಾಗಿಲಿಗೇ ಬಂದು ನಿಂತಿದೆ. ಆಲಮಟ್ಟಿಯ ಹಿನ್ನೀರು ಇಳಿಯತೊಡಗಿದಾಗ ಕೆಸರಿನ ದಡಗಳಿಗೆ ಫ್ಲೆಮಿಂಗೊ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳ ಗುಲಾಬಿ ಬಣ್ಣ ಅವು ತಿನ್ನುವ ಆಹಾರದಿಂದ ಬಂದದ್ದು. ಬೀಳಗಿ ಮತ್ತು ಮುಧೋಳ ತಾಲೂಕುಗಳ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಣೆಯಾಗಿದೆ. ನವನಗರದ ಅಂಚಿನ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಮೇಳಕ್ಕೆ ರೈತರು ಮಾತ್ರ ಹೋಗಬೇಕೆಂಬ ನಿಯಮವಿಲ್ಲ. ಆಲಮಟ್ಟಿ ಅಣೆಕಟ್ಟೆಗೆ ಹೋದವರು ಉದ್ಯಾನದಲ್ಲಿ ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಅಲ್ಲಿ 26 ಗೇಟುಗಳಿವೆ, 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ನಿಂತ ನೀರು ಮನೆಯ ಬಲ್ಬಿನ ಬೆಳಕಾಗುವುದು ಹೇಗೆಂದು ಮಕ್ಕಳೊಂದಿಗೆ ಒಮ್ಮೆ ಮಾತನಾಡಿ ನೋಡಿ.

ಈ ನೀರಿನ ಮಾತು ಬರಿಯ ವಿನೋದದ್ದಲ್ಲ. ಹಳೆಯ ಬಾಗಲಕೋಟೆಯ ಓಣಿಗಳು, ಮನೆಗಳು, ಅಂಗಡಿಗಳು ನೀರಿನ ಪಾಲಾದ ನೋವು ನಮ್ಮ ದಾದಿಯರ, ನಾನಿಯರ ಎದೆಯಲ್ಲಿ ಇನ್ನೂ ಹಸಿಯಾಗಿದೆ. ಜಲಾಶಯದ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಸಮ್ಮತಿಸಿತು. ಎರಡರ ನಡುವಿನ ಅಂತರ ನಾಲ್ಕೂಮುಕ್ಕಾಲು ಮೀಟರಿಗೆ ತುಸು ಕಡಿಮೆ. ಕಾಗದದ ಮೇಲೆ ಇದು ಸಣ್ಣ ಅಂಕಿ. ಟೇಪು ಹಿಡಿದು ಮನೆಯ ಗೋಡೆಯ ಮೇಲೆ ಅಳೆದರೆ ಒಂದು ಅಂತಸ್ತನ್ನು ದಾಟಿ ಹೋಗುತ್ತದೆ. ಈ ಅಂಕಿಗಳು ಸಮುದ್ರಮಟ್ಟದಿಂದ ಎಣಿಸಿದವು, ತನ್ನ ಮನೆಯ ನೆಲ ಎಷ್ಟು ಎತ್ತರದಲ್ಲಿದೆ, ಟಿಎಂಸಿ ಎಂದರೇನು ಎಂದು ತಿಳಿದ ಕುಟುಂಬ, ಸರಕಾರಿ ನೋಟಿಸನ್ನು ತಾನೇ ಓದಬಲ್ಲದು. ತಿಳಿಯದ ಕುಟುಂಬ ಮಧ್ಯವರ್ತಿಯ ಮುಂದೆ ಕೈಕಟ್ಟಿ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗಳಿಗೆ ನೀರು ನುಗ್ಗಿದ್ದನ್ನು ನಾವು ಕಂಡಿದ್ದೇವೆ. ನಾಗರಿಕನಿಗೆ ವಿಜ್ಞಾನ ಬೇಕಾಗುವುದು ಪರೀಕ್ಷೆಯ ಅಂಕಗಳಿಗಾಗಿ ಅಲ್ಲ, ತನ್ನ ಹಕ್ಕಿನ ಲೆಕ್ಕವನ್ನು ತಾನೇ ಹಾಕಿಕೊಳ್ಳಲು.

ಹೊರಗೆ ಹೋಗಲಾಗದ ವಾರ ಮಸೀದಿಯ ಅಂಗಳವೇ ಸಾಕು. ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆಯಿರಿ. ನೆರಳು ಅತಿ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ. ಭಾರತದ ವೇಳೆಯನ್ನು ಎಣಿಸುವ ರೇಖೆ ನಮಗಿಂತ ಪೂರ್ವದಲ್ಲಿರುವುದರಿಂದ ಬಾಗಲಕೋಟೆಯ ನಿಜವಾದ ಮಧ್ಯಾಹ್ನ ವರ್ಷದ ಸರಾಸರಿಯಲ್ಲಿ ಸುಮಾರು ಇಪ್ಪತ್ತೇಳು ನಿಮಿಷ ತಡ. ಝುಹರ್ ಮತ್ತು ಅಸರ್ ನಮಾಝ್‌ಗಳ ವೇಳೆ ನೆರಳಿನಿಂದಲೇ ನಿರ್ಧಾರವಾದದ್ದೆಂದು ಮಕ್ಕಳಿಗೆ ಆಗ ಅರ್ಥವಾಗುತ್ತದೆ. ಪ್ರತಿ ವರ್ಷ ಮೇ 28ರ ಆಸುಪಾಸಿನಲ್ಲಿ ನಮ್ಮ ವೇಳೆಯ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೂ, ಜುಲೈ 16ರ ಆಸುಪಾಸಿನಲ್ಲಿ 2 ಗಂಟೆ 57 ನಿಮಿಷಕ್ಕೂ ಸೂರ್ಯ ಮಕ್ಕಾದ ನೆತ್ತಿಯ ಮೇಲಿರುತ್ತಾನೆ. ಆ ಕ್ಷಣ ಮೋಡವಿಲ್ಲದಿದ್ದರೆ ನಮ್ಮ ಕೋಲಿನ ನೆರಳಿಗೆ ನೇರ ಎದುರಿನ ದಿಕ್ಕೇ ಕಿಬ್ಲಾ. ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ಯಿರಿ. ಚಂದ್ರನ ತಿಂಗಳು ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ. ಈದ್ ಹನ್ನೊಂದು ದಿನ ಹಿಂದೆ ಸರಿಯುವ ಗುಟ್ಟು ಅಷ್ಟೇ.

ಕೊನೆಯದಾಗಿ, ಅತ್ಯಂತ ಮುಖ್ಯವಾದ ಮಾತು. ಈ ಪ್ರಯಾಣದಲ್ಲಿ ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯಬಾರದು. ಶಾಲೆಯ ಪ್ರವಾಸಕ್ಕೆ ತಮ್ಮನಿಗೆ ಅನುಮತಿ, ಅಕ್ಕನಿಗೆ ಅಡಿಗೆಮನೆ ಎಂಬ ಪದ್ಧತಿ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಹೊರಗೆ ಕಳುಹಿಸಲು ಅಂಜಿಕೆಯೇ? ಹಾಗಾದರೆ ನೀವೇ ಕರೆದುಕೊಂಡು ಹೋಗಿ. ಖರ್ಚಿನ ಚಿಂತೆಯೇ? 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಟಿಕೆಟ್ಟಿನ ಭಾರ ಇಳಿಸಿತು. ಒಂದು ಮದುವೆಯ ಊಟಕ್ಕೆ ನಾವು ಮಾಡುವ ವೆಚ್ಚದ ಸಣ್ಣ ಪಾಲಿನಲ್ಲಿ ಇಡೀ ಮೊಹಲ್ಲಾದ ಮಕ್ಕಳು ಬಾದಾಮಿ ನೋಡಿ ಬರಬಹುದು. ಅಮ್ಮಿಯೂ ಬರಲಿ, ಆಕೆಗೂ ಮೊದಲು ಒಂದು ಪ್ರಶ್ನೆಯಿತ್ತು. ಯಾರೋ ಸುಮ್ಮನಿರೆಂದಿದ್ದರು.

ಜಮಾಅತಿನ ಹೊಣೆಗಾರರು ತಿಂಗಳಿಗೊಂದು ರವಿವಾರವನ್ನು ಇದಕ್ಕೆ ಮೀಸಲಿಡಲಿ. ಮೊಹಲ್ಲಾದಲ್ಲಿರುವ ವಿಜ್ಞಾನ ಶಿಕ್ಷಕರನ್ನು, ಯಾವ ಸಮುದಾಯದವರೇ ಆಗಿರಲಿ, ಗೌರವದಿಂದ ಜೊತೆಗೆ ಕರೆಯಲಿ. ನೆರೆಯ ಮಕ್ಕಳೂ ಬರಲಿ, ಒಂದೇ ಬುತ್ತಿಯನ್ನು ಹಂಚಿ ತಿಂದವರ ನಡುವೆ ಗೋಡೆ ಕಟ್ಟುವುದು ಅಷ್ಟು ಸುಲಭವಲ್ಲ. ಪುರಾತತ್ವ ಇಲಾಖೆ ಮತ್ತು ಜಿಲ್ಲಾಡಳಿತ ರಾಜರ ಹೆಸರುಗಳ ಜೊತೆಗೆ ಶಿಲೆಯ ಕಥೆಯನ್ನೂ ಸರಳ ಕನ್ನಡದ ಫಲಕಗಳಲ್ಲಿ ಹೇಳಲಿ, ಕುಟುಂಬಗಳಿಗೆ ಶುಚಿಯಾದ ಶೌಚಾಲಯ ಮತ್ತು ಕುಡಿಯುವ ನೀರನ್ನು ಖಾತರಿಪಡಿಸಲಿ.

ಬಿಸಿಲು ಏರುವ ಮುನ್ನ ಹೊರಡಿ. ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ, ಕುಡಿಯುವ ನೀರು ಜೊತೆಗಿರಲಿ. ಬಾದಾಮಿಯ ಮಂಗಗಳಿಂದ ಬುತ್ತಿಯನ್ನು ಕಾಪಾಡಿಕೊಳ್ಳಿ. ಸಂಜೆ ಮನೆಗೆ ಮರಳಿದಾಗ ಮಗುವಿನ ಬಾಯಲ್ಲಿ ಉತ್ತರಗಳಿಗಿಂತ ಹೆಚ್ಚು ಹೊಸ ಪ್ರಶ್ನೆಗಳಿದ್ದರೆ ಆ ರವಿವಾರ ಸಾರ್ಥಕವಾಯಿತೆಂದು ತಿಳಿಯಿರಿ. ಆ ಪ್ರಶ್ನೆಗಳಿಗೆ ಮತ್ತೆ "ಸುಮ್ಮನಿರು" ಎನ್ನದಿರುವುದು ಮಾತ್ರ ನಮ್ಮ ಕೈಯಲ್ಲಿದೆ.